ಮೇಲಿನಮನೆಯ ಇಳಿಜಾರು

ಶಿರಸಿ
೧೪ ಮೇ ೨೦೨೫

ಪ್ರೀತಿಯ ಖುರ್ಷಿದಕ್ಕನಿಗೆ,

ದೇವಕಿಯ ಸಲಾಮೂ ಇದೆ, ನಮಸ್ಕಾರವೂ ಇದೆ. ಯಾವುದು ಬೇಕೋ ತಗೋ, ಎರಡೂ ಬೇಡವೆಂದರೆ ಮೂಲೆಗಿಡು. ಕಾಗದವನ್ನು ಮಾತ್ರ ಕೊನೆಯ ಸಾಲಿನ ತನಕ ಓದು. ನಿಲೋಫರಳ ಕೈಗೆ ಕೊಟ್ಟು ಓದಿಸಬೇಡ, ಕನ್ನಡಕ ಹುಡುಕಿ ನೀನೇ ಓದು. ನಗಬಾರದ ಕಡೆ ನಗು ಬಂದರೆ ಮಗಳ ಮುಂದೆ ಕಷ್ಟ.

ಫೋನು ಮಾಡಿ ಮಾಡಿ ನನ್ನ ಬೆರಳು ಸವೆಯಿತು ಮಾರಾಯ್ತಿ. ನೀನು ಎತ್ತುವುದಿಲ್ಲ. ಎತ್ತದಿದ್ದರೆ ಬೇಡ, ಸಿಟ್ಟು ಮಾಡಲಿಕ್ಕೆ ನಿನಗೆ ಹಕ್ಕಿದೆ. ಆದರೆ ಒಂದು ಸುದ್ದಿ ನನ್ನ ಹೊಟ್ಟೆಯೊಳಗೆ ಕೊತಕೊತ ಕುದಿಯುತ್ತಿದೆ. ನಿನಗಲ್ಲದೆ ಬೇರೆ ಯಾರಿಗೆ ಹೇಳಿದರೂ ಅದಕ್ಕೆ ರುಚಿಯಿಲ್ಲ. ಬೆಳಿಗ್ಗೆ ದೋಸೆ ಹೊಯ್ಯುವಾಗ ಒಬ್ಬಳೇ ನಕ್ಕು ಎರಡು ದೋಸೆ ಕರಟಿಸಿದೆ.

ನಮ್ಮ ಓಣಿಗೆ ಒಳಚರಂಡಿ ಬಂತು. ಬಂದದ್ದು ನಮ್ಮ ಜಗಲಿ ಎದುರಿನ ರಸ್ತೆಗಲ್ಲ, ನಿನ್ನ ಹಿತ್ತಲ ಬಾಗಿಲಿಗೆ. ನೀನು ಕೋಳಿಗೂಡು ಇಟ್ಟಿದ್ದೆಯಲ್ಲ, ಆ ಗೋಡೆಯ ಆಚೆ ಹಿಂದಿನ ಓಣಿಯಲ್ಲಿ, ಮುಚ್ಚಳ ಹಾಕಿದ ದೊಡ್ಡ ಮ್ಯಾನ್‌ಹೋಲು ಕೂತಿದೆ. ನಾನು ಹೋಗಿ ನೋಡಿ ಬಂದೆ. ಚರಂಡಿ ಮುಚ್ಚಳ ನೋಡಿ ಖುಷಿಪಡುವ ಕಾಲ ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು.

ಹೋದ ವರ್ಷದ ಕಥೆ ನಿನಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ನೀನು ಬೇಲಿಯಾಚೆ ನಿಂತು ಕೇಳಿಸಿಕೊಂಡದ್ದು ಅರ್ಧ. ಆಗ ನಗರಸಭೆಯವರು ಪೈಪು ಮುಂದಿನ ರಸ್ತೆಯಲ್ಲೇ ಬರುವುದು ಎಂದಿದ್ದರು. ನಿಮ್ಮ ಮನೆ ಎದುರಿನ ನೆಲದಡಿ ಪೂರ್ತಿ ಬಂಡೆ, ಒಡೆದರೆ ಗೋಡೆ ಬಿರಿಯುತ್ತದೆ. ಹಾಗಾಗಿ ನಿನ್ನ ಮಗ ಮೊಯಿನ್ ಬಂದು ನಮ್ಮನೆ ಇವರನ್ನು ಕೇಳಿದ. ಅಮ್ಮನಿಗೆ ಮೊಣಕಾಲು ನೋವು, ಮಳೆಯಲ್ಲಿ ಹಿತ್ತಲ ತುದಿಯ ಪಾಯಖಾನೆಗೆ ಹೋಗಲಿಕ್ಕೆ ಆಗುವುದಿಲ್ಲ, ಮನೆಯೊಳಗೇ ಒಂದು ಕಟ್ಟಿಸಬೇಕು, ನಿಮ್ಮ ಅಂಗಳದ ಬದಿಯಿಂದ ಒಂದು ಪೈಪು ಹಾಯಿಸಲಿಕ್ಕೆ ಬಿಡಿ ಎಂದ. ಚಪ್ಪಲಿ ಮೆಟ್ಟಿಲ ಕೆಳಗೇ ಬಿಟ್ಟು, ಕೈಕಟ್ಟಿ ನಿಂತು ಕೇಳಿದ. ಇವರು ಜಗಲಿಯ ಮೇಲೆ ಕೂತು, ನಿಮ್ಮನೆ ಪಾಯಖಾನೆ ನೀರು ನಮ್ಮ ಬಾವಿ ಪಕ್ಕ, ನಮ್ಮ ದೇವರ ಕೋಣೆ ಬದಿಗೆ ಹರಿಯುವುದು ಸಾಧ್ಯವೇ ಇಲ್ಲ ಎಂದರು. ಒಪ್ಪಿಗೆ ಇಲ್ಲದೆ ಯಾರ ಜಾಗದಲ್ಲೂ ಪೈಪು ಹಾಕುವಂತಿಲ್ಲ, ನಿಯಮ ಓದಿಕೊಂಡು ಬಾ ಎಂದರು. ನೀನು ಕೇಳಿಸಿಕೊಂಡದ್ದು ಅಷ್ಟು. ಆಮೇಲೆ ಗಂಟುಮೂಟೆ ಕಟ್ಟಿ ಯಲ್ಲಾಪುರಕ್ಕೆ ಮಗಳ ಮನೆಗೆ ಹೋದೆ.

ಮೊಯಿನ್ ಗೇಟು ದಾಟಿದ ಮೇಲೆ ನಮ್ಮನೆಯೊಳಗೆ ನಡೆದದ್ದು ನಿನಗೆ ಗೊತ್ತಿಲ್ಲ. ಬಾವಿಯಿಂದ ದೂರ ಇಡಬೇಕು ಎಂದಾದರೆ ದೂರ ಇಟ್ಟೇ ಹಾಯಿಸಲಿ, ಅಂಗಳವೇನು ಅಂಗೈಯಷ್ಟಿದೆಯಾ ಎಂದೆ. ಇವರು ಮಡಿ ಎಂದರು. ನೆಲದಡಿಗೂ ಮಡಿ ಉಂಟಾ, ಎರೆಹುಳ ಎಲ್ಲ ಸ್ನಾನ ಮಾಡಿ ಬರುತ್ತವಾ ಎಂದು ಕೇಳಿದೆ. ಇವರು ತಟ್ಟೆ ಬಿಟ್ಟು ಎದ್ದರು. ಅಲ್ಲಿಂದ ಮುಂದೆ ಸುಮಾರು ದಿನ ನಮ್ಮಿಬ್ಬರ ಮಾತೆಂದರೆ ಅನ್ನ ಸಾಕಾ, ಮಜ್ಜಿಗೆ ಬೇಕಾ, ಅಷ್ಟೇ. ಇದನ್ನೆಲ್ಲ ಬೇಲಿ ಹತ್ತಿರ ಬಂದು ನಿನಗೆ ಹೇಳಬೇಕು ಎಂದಿದ್ದೆ. ಅಷ್ಟರಲ್ಲಿ ನೀನು ಬಸ್ಸು ಹತ್ತಿಯಾಗಿತ್ತು. ನನಗೂ ಸಿಟ್ಟು ಬಂತು ನಿನ್ನ ಮೇಲೆ. ಒಂದು ಮಾತು ಹೇಳದೆ ಹೋದೆಯಲ್ಲ ಎಂದು ಅತ್ತುಬಿಟ್ಟೆ ಕೂಡ. ಅತ್ತದ್ದನ್ನು ನಾನು ಹೇಳುತ್ತಿರಲಿಲ್ಲ, ಈಗ ಖುಷಿಯಲ್ಲಿ ಬಾಯಿಗೆ ಬಂತು.

ಈಗ ಈ ವರ್ಷದ ಕಥೆ. ಹೋಳಿಯ ಹೊತ್ತಿಗೆ ಮುಂದಿನ ರಸ್ತೆ ಅಗೆಯಲಿಕ್ಕೆ ಯಂತ್ರ ಬಂತು. ಅಗೆದಲ್ಲೆಲ್ಲ ಕಲ್ಲು. ನಿಮ್ಮ ಮನೆ ಎದುರಿನ ಬಂಡೆ ಅಲ್ಲಿಗೇ ಮುಗಿದಿರಲಿಲ್ಲ, ರಸ್ತೆಯುದ್ದಕ್ಕೂ ಎಮ್ಮೆಯ ಹಾಗೆ ಮಲಗಿತ್ತು. ಕಿರಣ ಎಂದು ನಗರಸಭೆಗೆ ಹೊಸ ಇಂಜಿನಿಯರ್ ಬಂದಿದ್ದಾನೆ, ಇವರ ಹತ್ತಿರವೇ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿತವ. ಅವನು ಓಣಿಯೆಲ್ಲ ಅಳೆದು, ಈ ರಸ್ತೆ ಆಗುವುದಿಲ್ಲ, ಹಿಂದಿನ ಓಣಿಯಲ್ಲಿ ಮಣ್ಣೂ ಮೆತ್ತಗಿದೆ ಇಳಿಜಾರೂ ಸರಿಯಿದೆ, ಅಲ್ಲೇ ಪೈಪು ಹಾಕುವುದು ಎಂದು ತೀರ್ಮಾನ ಮಾಡಿದ. ಯಾವುದೇ ಮನೆಯನ್ನು ಕೇಳಿ ಮಾಡಿದ್ದಲ್ಲ. ಕಲ್ಲು ಹೇಳಿತು, ಅವನು ಕೇಳಿದ.

ಆಮೇಲೆ ದಿನಾ ಬೆಳಿಗ್ಗೆ ಕಸದ ಗಾಡಿಯ ಮೈಕಿನಲ್ಲಿ ಹಾಡಿನ ಬದಲು ನಿಯಮ. ಮನೆಯಿಂದ ಒಳಚರಂಡಿಗೆ ಪೈಪು ಜೋಡಿಸುವ ಕೆಲಸ ಲೈಸನ್ಸ್ ಇದ್ದ ಪ್ಲಂಬರೇ ಮಾಡಬೇಕು. ಇಂಜಿನಿಯರ್ ಬಂದು ನೋಡುವ ತನಕ ಅಗೆದ ಕಾಲುವೆಗೆ ಮಣ್ಣು ಮುಚ್ಚಬಾರದು. ಪಾಯಖಾನೆಯದಷ್ಟೇ ಅಲ್ಲ, ಬಚ್ಚಲು ನೀರು, ಅಡುಗೆಮನೆ ನೀರು ಎಲ್ಲ ಅದಕ್ಕೇ ಹೋಗಬೇಕು. ಮಳೆನೀರು ಮಾತ್ರ ಒಂದು ಹನಿ ಸೇರಬಾರದು. ಹಳೆಯ ಗುಂಡಿ ಮುಚ್ಚಬೇಕು. ಇನ್ನೊಬ್ಬರ ಜಾಗದಲ್ಲಿ ಪೈಪು ಹಾಯಬೇಕಾದರೆ ಆ ಜಾಗದ ಯಜಮಾನರ ಒಪ್ಪಿಗೆ ಸಹಿ ಬೇಕು. ಮಳೆ ಹಿಡಿಯುವ ಮೊದಲು ಓಣಿಗೆ ಕಾಂಕ್ರೀಟು ಹಾಕುತ್ತಾರೆ, ಹಾಕಿದ ಮೇಲೆ ಅಗೆಯಲಿಕ್ಕೆ ಬಿಡುವುದಿಲ್ಲ. ಕೇಳಿ ಕೇಳಿ ನನಗೆ ವಿಷ್ಣು ಸಹಸ್ರನಾಮಕ್ಕಿಂತ ಚೆನ್ನಾಗಿ ಬಾಯಿಪಾಠ ಆಗಿದೆ.

ಲೈಸನ್ಸ್ ಇದ್ದ ಪ್ಲಂಬರ್ ನಮ್ಮ ಕಡೆಗೆ ಜಹೀರ್ ಒಬ್ಬನೇ. ವೈಶಾಖದಲ್ಲಿ ಪುರೋಹಿತರಿಗೆ ಇರುವ ಬೇಡಿಕೆ ಈಗ ಅವನಿಗೆ. ಇವತ್ತು ಬರುತ್ತೇನೆ ಎಂದವನನ್ನು ದಾರಿಯಲ್ಲೇ ಬೇರೆಯವರು ಎಳೆದುಕೊಂಡು ಹೋಗುತ್ತಾರೆ. ಓಣಿ ತುದಿಯ ಸೀತಾ ಅವನಿಗೆ ಕಾಯದೆ ಯಾರಿಂದಲೋ ಕದ್ದುಮುಚ್ಚಿ ಕೆಲಸ ಮಾಡಿಸಿ, ಮಾಡಿನಿಂದ ಇಳಿಯುವ ಮಳೆನೀರನ್ನೂ ಅದೇ ಪೈಪಿಗೆ ಬಿಟ್ಟಳು. ಮಳೆಗಾಲದ ಅಂಗಳ ಚೊಕ್ಕ ಇರುತ್ತದೆ ಎಂಬ ಆಸೆ. ಮೊನ್ನೆ ಒಂದೇ ಒಂದು ಗುಡುಗು ಮಳೆ ಬಂತು ನೋಡು, ಹೋದದ್ದೆಲ್ಲ ತಿರುಗಿ ಅವಳ ಬಚ್ಚಲಿಗೇ ಬಂತು. ಮನೆಯವರೆಲ್ಲ ಜಗಲಿ ಮೇಲೆ ಕಾಲೆತ್ತಿ ಕೂತಿದ್ದರಂತೆ. ನಮ್ಮ ಕಡೆ ಮಳೆ ಏನು, ಚರಂಡಿ ಪೈಪು ಏನು, ಎರಡಕ್ಕೂ ಸಂಬಂಧ ಬೆಳೆಸಿದರೆ ಹೀಗೇ.

ನನಗೆ ಬೇಜಾರಾದದ್ದು ಬಚ್ಚಲು ನೀರಿನದು. ನಿನಗೆ ಗೊತ್ತಲ್ಲ, ನಮ್ಮ ಬಾಳೆ, ಬಸಳೆ, ಕೆಸು ಎಲ್ಲ ಮಿಂದ ನೀರಿನಲ್ಲೇ ಬೆಳೆದದ್ದು. ಆ ನೀರನ್ನೂ ಪೈಪಿಗೆ ಹಾಕಿ ಎಂದರೆ ಯಾರಿಗೆ ಮನಸ್ಸು ಬರುತ್ತದೆ. ಪಾಯಖಾನೆಯದು ಮಾತ್ರ ಕೊಡುತ್ತೇನೆ, ಬಚ್ಚಲಿನದು ಬಸಳೆಗಿರಲಿ ಎಂದು ಜಹೀರನ ಹತ್ತಿರ ವಾದ ಮಾಡಿದೆ. ಅವನು ನಗುತ್ತಾ, ಹಿಂದಿನಿಂದ ತಳ್ಳುವ ನೀರಿಲ್ಲದಿದ್ದರೆ ಪೈಪಿನಲ್ಲಿ ಏನೂ ಮುಂದೆ ಹೋಗುವುದಿಲ್ಲ ದೇವಕಕ್ಕಾ, ಅಲ್ಲೇ ಕೂತು ಗಟ್ಟಿಯಾಗುತ್ತದೆ ಎಂದ. ಬಚ್ಚಲ ಒಲೆಯ ಬೂದಿ ಮಾತ್ರ ಬಿಡಬೇಡಿ ಎಂದೂ ಹೇಳಿದ. ಬಸಳೆಗೆ ಅಕ್ಕಿ ತೊಳೆದ ನೀರು ಹೊತ್ತು ಹಾಕಿದರಾಯಿತು ಎಂದು ಸಮಾಧಾನ ಮಾಡಿಕೊಂಡೆ.

ಇರಲಿ, ನಾನು ಹೇಳಲಿಕ್ಕೆ ಹೊರಟದ್ದು ಬಸಳೆಯ ವಿಷಯವಲ್ಲ. ಕಿರಣ ನಮ್ಮನೆ ನೋಡಲಿಕ್ಕೆ ಬಂದ ದಿನದ್ದು.

ಇವರು ಅವನನ್ನು ಜಗಲಿ ಮೇಲೆ ಕೂರಿಸಿ ಬೆಲ್ಲ ನೀರು ಕೊಡಿಸಿದರು. ಹಳೆಯ ಶಿಷ್ಯ, ಗುರುಗಳ ಕಾಲು ಮುಟ್ಟಿದ, ಇವರ ಎದೆ ಉಬ್ಬಿತು. ಅವನು ಹಿತ್ತಲಿಗೆ ಹೋಗಿ ಗುಂಡಿ ನೋಡಿದ, ಬಾವಿ ನೋಡಿದ, ಮುಖ ಸಣ್ಣದು ಮಾಡಿದ. ಈ ಗುಂಡಿ ಬಾವಿಗೆ ತೀರಾ ಹತ್ತಿರವಾಯಿತು ಸರ್, ಹೋದ ಮಳೆಗಾಲದಲ್ಲಿ ತುಂಬಿ ಉಕ್ಕಿತ್ತಾ ಎಂದು ಕೇಳಿದ. ಉಕ್ಕಿತ್ತು. ಆಷಾಢದಿಂದ ಬಾವಿ ನೀರು ಒಂಥರಾ ವಾಸನೆ, ನಾವು ಕುದಿಸಿ ಕುಡಿಯುತ್ತಿದ್ದೇವೆ. ಇವರು ಅದು ಎಲೆ ಕೊಳೆತ ವಾಸನೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ನೋಡು ಖುರ್ಷಿದಕ್ಕ, ಯಾವ ಬಾವಿಯ ಹೆಸರು ಹೇಳಿ ನಿನ್ನ ಮಗನನ್ನು ವಾಪಸು ಕಳಿಸಿದರೋ ಆ ಬಾವಿಯನ್ನು ಕೆಡಿಸುತ್ತಿದ್ದದ್ದು ನಮ್ಮದೇ ಗುಂಡಿ. ಇನ್ನೊಂದು ಮಳೆಗಾಲ ಹೀಗೇ ಬಿಟ್ಟರೆ ಆ ನೀರು ಕುದಿಸಿಯೂ ಕುಡಿಯುವ ಹಾಗಿಲ್ಲ ಎಂದ ಕಿರಣ.

ಹಾಗಾದರೆ ಬೇಗ ಪೈಪು ಜೋಡಿಸಿಬಿಡು ಎಂದರು ಇವರು. ಕಿರಣ ತಲೆ ಕೆರೆದುಕೊಂಡ. ನಿಮ್ಮ ಹಿತ್ತಲು ಹಿಂದಿನ ಓಣಿಗೆ ತಾಗುವುದಿಲ್ಲವಲ್ಲ ಸರ್, ನಡುವೆ ಖುರ್ಷಿದ್ ಅವರ ಹಿತ್ತಲಿದೆ, ಅಲ್ಲಿಂದಲೇ ಹಾಯಬೇಕು, ಅವರ ಒಪ್ಪಿಗೆ ಸಹಿ ಬೇಕು ಎಂದ.

ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದೆ. ಬಾವಿಯ ವಿಷಯ ಕೇಳಿ ಹೆದರಿಕೆಯೂ ಇತ್ತು, ಆದರೂ ನಗು ತಡೆಯಲಿಕ್ಕೆ ಆಗಲಿಲ್ಲ. ನೀನು ಇರಬೇಕಿತ್ತು ಎಂದು ಆ ಕ್ಷಣ ಎಷ್ಟು ಅನಿಸಿತು ಗೊತ್ತಾ.

ಇವರು ಒಪ್ಪಲಿಲ್ಲ. ಅದೆಂತ ಮಾತು, ನಮ್ಮದು ಮೇಲಿನಮನೆ, ನಾವು ಮುಂದಿನ ರಸ್ತೆಗೆ ಪೈಪು ಕೊಟ್ಟು ರಸ್ತೆ ಬದಿಯಿಂದಲೇ ಓಣಿ ತುದಿಯ ತನಕ ಹೋಗಿ ಜೋಡಿಸಿಕೊಳ್ಳುತ್ತೇವೆ ಎಂದರು. ಕಿರಣ ಮೆಲ್ಲಗೆ, ಲೆವೆಲ್ ಸಿಗುವುದಿಲ್ಲ ಸರ್, ನಿಮ್ಮ ಬಚ್ಚಲು ರಸ್ತೆಗಿಂತ ಕೆಳಗಿದೆ ಎಂದ. ಇವರಿಗೆ ಅವಮಾನವಾದ ಹಾಗಾಯಿತು. ಊರಿಗೆ ಊರೇ ನಮ್ಮನ್ನು ಮೇಲಿನಮನೆಯವರು, ನಿಮ್ಮನ್ನು ಕೆಳಗಿನಮನೆಯವರು ಎನ್ನುತ್ತದೆ. ಅತ್ತೆಯವರ ಕಾಲದಿಂದ ಬಂದ ಹೆಸರು. ರಸ್ತೆಯಿಂದ ನಮ್ಮ ಜಗಲಿಗೆ ಮೆಟ್ಟಿಲು ಹತ್ತಿ ಬರಬೇಕು, ನಿಮ್ಮ ಮನೆಗೆ ನೇರ ನಡೆದು ಹೋಗಬಹುದು, ಅಷ್ಟಕ್ಕೇ ನಾವು ಮೇಲಿನವರು. ಹಿಂದೆ ಬಚ್ಚಲಿಗೆ ಹೋಗಲಿಕ್ಕೆ ಅದಕ್ಕಿಂತ ಜಾಸ್ತಿ ಮೆಟ್ಟಿಲು ಇಳಿಯುತ್ತೇವೆ. ದಿನಾ ಇಳಿಯುತ್ತೇವೆ. ಆದರೂ ಇಷ್ಟು ವರ್ಷ ನಮ್ಮಲ್ಲಿ ಒಬ್ಬರಿಗೂ ನಾವು ಕೆಳಗಿದ್ದೇವೆ ಎಂದು ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ಸುಳ್ಳೆಂತಕ್ಕೆ ಹೇಳಲಿ.

ಕಿರಣ ಹೋದ ಮೇಲೆ ಇವರು ಪೇಟೆಗೆ ಹೋಗಿ ಗಾರೆಯವರು ಮಟ್ಟ ನೋಡುವ ಪಾರದರ್ಶಕ ಟ್ಯೂಬು ತಂದರು. ತಾನೇ ಅಳೆದು ಶಿಷ್ಯನ ತಪ್ಪು ತೋರಿಸುವ ಹಟ. ಟ್ಯೂಬಿಗೆ ನೀರು ತುಂಬಿ, ಒಂದು ತುದಿ ನೆಲಮಟ್ಟಕ್ಕೆ ಹಿಡಿದುಕೊಂಡು ರಸ್ತೆಯಲ್ಲಿ ಕೂತರು. ಇನ್ನೊಂದು ತುದಿ ಕೊಟ್ಟು ನನ್ನನ್ನು ಬಚ್ಚಲಿಗೆ ಕಳಿಸಿದರು. ನಾನು ನೆಲಕ್ಕೆ ಹಿಡಿದೆ, ನೀರು ಬುಳಬುಳನೆ ನನ್ನ ಕಾಲಿಗೆ ಸುರಿಯಿತು. ಮೊಣಕಾಲೆತ್ತರಕ್ಕೆ ಹಿಡಿದೆ, ಸುರಿಯಿತು. ಸೊಂಟದೆತ್ತರಕ್ಕೆ ಹಿಡಿದರೂ ಸುರಿಯಿತು. ಇವರು ರಸ್ತೆಯಿಂದ, ಸರಿ ಹಿಡಿ, ನೀರು ಯಾಕೆ ಖಾಲಿಯಾಗುತ್ತಿದೆ ಎಂದು ಕೂಗುತ್ತಿದ್ದರು. ಎದೆಯೆತ್ತರಕ್ಕೆ ಎತ್ತಿದ ಮೇಲೆ ನೀರು ನಿಂತಿತು. ಸೀರೆಯೆಲ್ಲ ಒದ್ದೆ. ಅಂದರೆ ನಮ್ಮ ಬಚ್ಚಲು ರಸ್ತೆಗಿಂತ ನನ್ನ ಎದೆಯಷ್ಟು ಕೆಳಗಿದೆ ಎಂದಾಯಿತು.

ನಿನಗೆ ಹಿಡಿಯಲಿಕ್ಕೆ ಬರುವುದಿಲ್ಲ ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಸರಿ, ನೀವೇ ಬನ್ನಿ ಎಂದು ನಾನು ರಸ್ತೆಗೆ ಹೋಗಿ ಕೂತೆ. ಇವರು ಬಚ್ಚಲಿಗೆ ಇಳಿದರು. ನಾನು ರಸ್ತೆಯಲ್ಲಿ ಕಾದೇ ಕಾದೆ. ಕಡೆಗೆ ಟ್ಯೂಬು ಅಲ್ಲೇ ಇಟ್ಟು ಒಳಗೆ ಹೋಗಿ ನೋಡಿದರೆ, ಒದ್ದೆ ಪಂಚೆಯಲ್ಲಿ ಬಚ್ಚಲ ಕಲ್ಲಿನ ಮೇಲೆ ಕೂತಿದ್ದಾರೆ. ನೀರು ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುತ್ತದೆ ಎಂದು ಆ ಕಿರಣನಿಗೆ ಹೇಳಿಕೊಟ್ಟವ ನಾನೇ ಎಂದರು. ಅಷ್ಟೇ ಹೇಳಿದ್ದು. ನನಗೆ ನಗು ಬರಲಿಲ್ಲ ಆಗ. ಮೈ ಒರೆಸಿಕೊಳ್ಳಿ, ಶೀತವಾಗುತ್ತದೆ ಎಂದು ಟವೆಲು ಕೊಟ್ಟೆ.

ಮಾರನೇ ದಿನ ಮತ್ತೆ ಜೀವ ಬಂತು. ಪಂಪು ಕೂರಿಸಿ ರಸ್ತೆಗೆ ಎತ್ತುವುದು ಎಂದರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಶಿರಸಿಯ ಮಳೆಗಾಲದಲ್ಲಿ ಕರೆಂಟು ಹೋದರೆ ಬರುವುದು ಯಾವಾಗ ಎಂದು ನಿನಗೂ ಗೊತ್ತು. ಕರೆಂಟು ಬರುವ ತನಕ ಮನೆಯವರೆಲ್ಲ ತಡೆದುಕೊಂಡು ಕೂರುವುದಾ ಎಂದು ಕೇಳಿದೆ. ಪಂಪಿನ ಮಾತು ಅಲ್ಲಿಗೆ ನಿಂತಿತು.

ಕಡೆಗೆ ಮೊಯಿನ್ ಟೆಂಪೋ ತೊಳೆಯುತ್ತಿದ್ದಾಗ ಬೇಲಿ ಹತ್ತಿರ ಹೋಗಿ, ಕೆಮ್ಮಿ, ಅದೂ ಇದೂ ಮಾತಾಡಿ, ಹೀಗೀಗೆ ಒಂದು ಸಹಿಯ ವಿಷಯ ಇದೆಯಲ್ಲ ಎಂದರಂತೆ. ನಿನ್ನ ಮಗನನ್ನು ಹೊಗಳಬೇಕು ಖುರ್ಷಿದಕ್ಕ. ಹೋದ ವರ್ಷದ ಒಂದು ಮಾತನ್ನೂ ಎತ್ತಲಿಲ್ಲ. ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಮನೆ ಅಮ್ಮನ ಹೆಸರಿನಲ್ಲಿದೆ ಮಾಸ್ತರರೇ, ಅಮ್ಮ ಏನು ಹೇಳುತ್ತಾಳೋ ಅದು ಎಂದನಂತೆ. ಇವರು ಒಳಗೆ ಬಂದು, ಹುಡುಗ ಒಳ್ಳೆಯವ ಎಂದರು. ಹೋದ ವರ್ಷವೂ ಒಳ್ಳೆಯವನೇ ಆಗಿದ್ದ ಎಂದೆ. ಇವರು ಕಾಗದ, ಪೆನ್ನು ಹುಡುಕಲಿಕ್ಕೆ ಹೋದರು.

ಆಮೇಲೆ ಕೂತು ಒಂದು ಕಾಗದ ಗೀಚಿದರು, ನಾನು ಸಹಿ ಮಾಡಿ ನಿನಗೆ ಕಳಿಸಬೇಕಂತೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ಸ್ವಾಧೀನದಲ್ಲಿರುವ ಹಿತ್ತಲ ಜಾಗದ ಮೂಲಕ, ಎಂದೆಲ್ಲ. ಸರ್ಕಾರಕ್ಕೆ ಬರೆದ ಹಾಗೆ. ನಿನ್ನ ಅತ್ತೆ ಸತ್ತಾಗ ನಾನು ನಿಮ್ಮನೆಯ ಹಿತ್ತಲಲ್ಲಿ ನಿನ್ನ ಕೂದಲು ಬಾಚಿದವಳು, ನನ್ನ ಬಾಣಂತನದಲ್ಲಿ ಹಸಿ ಅರಿಶಿನ ಅರೆದು ಬೇಲಿ ಮೇಲಿಂದ ಕೊಟ್ಟವಳು ನೀನು, ನಮ್ಮಿಬ್ಬರ ನಡುವೆ ಮೇಲ್ಕಂಡ ವಿಷಯ ಎಲ್ಲಿಂದ ಬಂತು. ಆ ಕಾಗದವನ್ನು ಒಲೆಗೆ ಹಾಕಿದೆ. ಬರೆಯುವುದಾದರೆ ನಾನೇ ಬರೆಯುತ್ತೇನ್ರೀ, ನನ್ನ ಹಾಗೆ ಬರೆಯುತ್ತೇನೆ ಎಂದು ಹೇಳಿ ಈಗ ಕೂತಿದ್ದೇನೆ. ಇವರು ಆಚೀಚೆ ತಿರುಗುತ್ತಿದ್ದಾರೆ, ಎಷ್ಟು ಪುಟವಾಯಿತು ಎಂದು ಇಣುಕಿ ನೋಡುತ್ತಿದ್ದಾರೆ. ತೋರಿಸುವುದಿಲ್ಲ.

ಈಗ ನಿನ್ನ ವಿಷಯ, ಅದೇ ಮುಖ್ಯ. ನಿನ್ನ ಮನೆಗೆ ಯಾರ ಒಪ್ಪಿಗೆಯೂ ಬೇಡ. ನಿನ್ನ ಹಿತ್ತಲು, ನಿನ್ನ ಇಳಿಜಾರು, ನಿನ್ನ ಬಾಗಿಲಲ್ಲೇ ಮ್ಯಾನ್‌ಹೋಲು. ನೀನು ನಮಗೆ ಆಗುವುದಿಲ್ಲ ಎಂದರೂ ನಿನ್ನ ಕೆಲಸ ಒಂದು ದಿನವೂ ನಿಲ್ಲುವುದಿಲ್ಲ. ಜಹೀರನನ್ನು ಹಿಡಿದು ಎಳೆದು ತಂದು ಮೊದಲು ಖುರ್ಷಿದಕ್ಕನ ಮನೆಯದು ಮಾಡು ಎಂದು ನಾನೇ ಹೇಳಿದ್ದೇನೆ. ಮೊಯಿನ್ ಮತ್ತು ನಾನು ಸೇರಿ ಜಾಗವನ್ನೂ ನೋಡಿಯಾಯಿತು. ನೀನು ಮಲಗುವ ಕೋಣೆಯ ಪಕ್ಕ, ಅಕ್ಕಿ ಡಬ್ಬಿ ಇಡುತ್ತಿದ್ದೆಯಲ್ಲ, ಆ ಮೂಲೆ. ಹಾಸಿಗೆಯಿಂದ ಎದ್ದರೆ ಕೈಗೆ ಬಾಗಿಲು. ಕೂರಲಿಕ್ಕೆ ಕುರ್ಚಿಯ ಹಾಗಿನದು, ಗೋಡೆಗೆ ಹಿಡಿಕೆ. ನೆಲದ ಟೈಲ್ಸು ನೀಲಿ ಬಣ್ಣದ್ದು ಆರಿಸಿದ್ದೇನೆ, ಜಾರುವುದಿಲ್ಲ, ನಾನೇ ಅಂಗಡಿಯಲ್ಲಿ ನೀರು ಚೆಲ್ಲಿಸಿ ಅದರ ಮೇಲೆ ನಡೆದು ನೋಡಿದೆ. ಅಂಗಡಿಯವ ನನ್ನನ್ನು ಹುಚ್ಚಿ ಎಂದುಕೊಂಡಿರಬೇಕು. ಬಕ್ರೀದಿನ ಹೊತ್ತಿಗೆ ಎಲ್ಲ ಮುಗಿಯುತ್ತದೆ ಎನ್ನುತ್ತಾನೆ ಜಹೀರ್. ಮಗಳ ಮನೆ ಚೆನ್ನಾಗಿದೆ, ನಿಲೋಫರ್ ಬಂಗಾರದಂಥವಳು, ಗೊತ್ತು. ಆದರೂ ನೀನು ನಿನ್ನ ಮನೆಗೆ ಬಾ. ಬೇಲಿಯಾಚೆ ಯಾರೂ ಇಲ್ಲದೆ ನನಗೆ ಆಗುವುದಿಲ್ಲ. ಮಾತು ಒಳಗೇ ಕೂತು ಗಟ್ಟಿಯಾಗುತ್ತದೆ.

ನಮ್ಮ ಪೈಪಿನ ವಿಷಯ ಬೇರೆ. ಅದಕ್ಕೂ ನಿನ್ನ ಬರುವಿಕೆಗೂ ಗಂಟು ಹಾಕಬೇಡ. ನಿನ್ನ ಹಿತ್ತಲಿಂದ ನಮ್ಮ ಪೈಪು ಹಾಯದಿದ್ದರೆ ನಮಗೆ ಇನ್ನೊಂದು ಮಳೆಗಾಲ ಅದೇ ಗುಂಡಿ, ಅದೇ ಬಾವಿ. ಅದು ನಿಜ, ಮುಚ್ಚಿಡುವುದಿಲ್ಲ. ನನಗೆ ಹೆದರಿಕೆಯೂ ಇದೆ. ಆದರೆ ಸಹಿ ಹಾಕು ಎಂದು ನಾನು ಕೇಳುವುದಿಲ್ಲ ಖುರ್ಷಿದಕ್ಕ. ನಾನು ಕೇಳಿದರೆ ನೀನು ಹಾಕಿಬಿಡುತ್ತೀ, ನನಗೆ ಗೊತ್ತು. ಹಾಗೆ ಹಾಕಿಸಿಕೊಂಡರೆ ಅದು ನ್ಯಾಯವಲ್ಲ. ಬೇಡ ಎಂದವಳು ನಾನಲ್ಲ, ಕೇಳಬೇಕಾದವಳೂ ನಾನಲ್ಲ.

ಮೊಣಕಾಲಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ. ಮೊಮ್ಮಕ್ಕಳಿಗೆ ನನ್ನ ಮುತ್ತು. ಉತ್ತರ ಬರೆಯಬೇಡ, ಬಂದುಬಿಡು.

ನಿನ್ನದೇ ಬೇಲಿಯ ಈಚೆಯ,
ದೇವಕಿ

ತಾ.ಕ.: ಇದನ್ನು ಮರೆತದ್ದಲ್ಲ, ಬೇಕೆಂದೇ ಕೊನೆಗೆ ಇಟ್ಟೆ. ಈ ಲಕೋಟೆ ತಂದುಕೊಟ್ಟವರು ಈಗ ನಿನ್ನ ಬಾಗಿಲಲ್ಲಿ ನಿಂತಿರುತ್ತಾರೆ. ಅಂಚೆಗೆ ಹಾಕಿದರೆ ತಡವಾಗುತ್ತದೆ, ನೀವೇ ಯಲ್ಲಾಪುರದ ಬಸ್ಸು ಹತ್ತಿ ಎಂದು ನಾನೇ ಕಳಿಸಿದೆ. ನಿನ್ನ ಸಹಿಯನ್ನು ಕಾಗದದಲ್ಲಿ ನಾನೇ ಕೇಳಿದ್ದೇನೆ, ತಾವು ಸುಮ್ಮನೆ ನಿಂತು ಇಸಿದುಕೊಂಡು ಬಂದರಾಯಿತು ಎಂದು ನಂಬಿ, ಒಪ್ಪಿಗೆ ಪತ್ರ ಜೇಬಿನಲ್ಲಿಟ್ಟುಕೊಂಡು ಬಂದಿದ್ದಾರೆ. ಇಷ್ಟು ವರ್ಷ ನಿಮ್ಮನೆಯಲ್ಲಿ ಒಂದು ಗುಟುಕು ನೀರು ಕುಡಿದವರಲ್ಲ, ಅದು ನಿನಗೂ ಗೊತ್ತು, ಒಂದು ದಿನವೂ ನೀನು ಬಾಯಿಬಿಟ್ಟು ಹೇಳಿಲ್ಲ. ಒಳಗೆ ಕರೆದು ಕೂರಿಸು. ನಿಲೋಫರಳ ಹತ್ತಿರ ಒಂದು ಲೋಟ ಚಹಾ ಮಾಡಿಸಿ ಮುಂದಿಡು. ಅದನ್ನು ಕುಡಿದು, ತಮ್ಮ ಬಾಯಿಂದಲೇ ಕೇಳಿದರೆ ಸಹಿ ಹಾಕು. ಲೋಟ ಮುಟ್ಟದೆ ಸಹಿ ಮಾತ್ರ ಬೇಕೆಂದರೆ ಬರಿಗೈಯಲ್ಲಿ ವಾಪಸು ಕಳಿಸು, ನಮ್ಮ ಗುಂಡಿ ತುಂಬಿದರೆ ತುಂಬಲಿ. ಚಹಾಕ್ಕೆ ಸಕ್ಕರೆ ಹಾಕಿಸಬೇಡ, ಇವರಿಗೆ ಶುಗರ್ ಇದೆ.